ಎಡಗಾಲಿಯ ಎಣ್ಣೆ

ಕಿರ್ರೆನ್ನುವ ಸದ್ದು ಕಿವಿಗೆ ಬಿದ್ದರೆ ಸೈಲಸ್ ಹಾಲಿಕ್‌ನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಗೇಟು ಕಿರುಗುಟ್ಟಿದರೂ ಸರಿ, ಗುರುತಿನವರಿರಲಿ ಇಲ್ಲದಿರಲಿ, ಕೋಟಿನ ಜೇಬಿನಿಂದ ಹೆಬ್ಬೆರಳುದ್ದದ ಎಣ್ಣೆಡಬ್ಬಿ ತೆಗೆದು ಕೀಲಿಗೆ ತೊಟ್ಟು ಬಿಟ್ಟು, ಟೋಪಿ ಸರಿಮಾಡಿಕೊಂಡು ಮುಂದೆ ಹೋಗುವವನು. ಒಂದು ಭಾನುವಾರ ಚಾಪೆಲ್ಲಿನಲ್ಲಿ ಉಪದೇಶಕರು ಪೀಠದ ಪುಟ್ಟ ಬಾಗಿಲು ತೆಗೆದಾಗ ಅದು ಮೇಕೆಮರಿಯಂತೆ ಕೂಗಿತು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದಾಗ ಸೈಲಸ್ ಮೆಲ್ಲಗೆ ಎದ್ದು ಹೋಗಿ ಅದಕ್ಕೂ ಎಣ್ಣೆ ಬಿಟ್ಟು ಬಂದ. ಕಣ್ಣು ಮುಚ್ಚದೆ ಇದ್ದವರು ನೋಡಿಬಿಟ್ಟರು, ವಾರವೆಲ್ಲ ಆಡಿಕೊಂಡರು. ನಮ್ಮ ಕವೆಂಟ್ರಿ ಪಟ್ಟಣದಲ್ಲಿ ಹುಚ್ಚರಿಗೆ ಬರವಿರಲಿಲ್ಲ. ಮೊದಲು ಗಡಿಯಾರದ ಹುಚ್ಚರು, ಆಮೇಲೆ ಸೈಕಲ್ಲಿನ ಹುಚ್ಚರು, ಯುದ್ಧ ಮುಗಿದ ಮೇಲೆ ಮೋಟಾರಿನ ಹುಚ್ಚರು. ಅವರ ನಡುವೆ ಎಣ್ಣೆಯ ಹುಚ್ಚನೊಬ್ಬ ಇದ್ದರೆ ಯಾರಿಗೂ ಭಾರವಾಗಲಿಲ್ಲ.

ಈ ಹುಚ್ಚು ಅಪ್ಪನ ಕಾಲದಿಂದ ಬಂದದ್ದು. ಅಪ್ಪ ಕೆನಿಲ್‌ವರ್ತ್ ಕಡೆಯ ಒಬ್ಬ ಧಣಿಯ ಸಾರೋಟು ಓಡಿಸುತ್ತಿದ್ದ. ಧಣಿ ಕುದುರೆಗಳನ್ನು ಮಾರಿ ಕಾರು ತಂದಾಗ ಅಪ್ಪನನ್ನು ಮಾರಲಿಕ್ಕಾಗದೆ ಕಾರಿಗೆ ಹೂಡಿದರು. ಆಗಿನ ಕಾರೆಂದರೆ ಮೈಯೆಲ್ಲ ಕೀಲು. ಸ್ಪ್ರಿಂಗಿನ ಕೊಂಡಿ, ಬ್ರೇಕಿನ ಸರಳು, ಮುಂಗಾಲಿಗಳು ಅತ್ತಿತ್ತ ತಿರುಗುವ ಗೂಟ, ಎಲ್ಲಕ್ಕೂ ವಾರವಾರ ಗ್ರೀಸು ಕುಡಿಸಬೇಕು. ಕುದುರೆಗೆ ಬಾಯಾರಿದರೆ ಕಾಲು ಕೆರೆದು ಹೇಳುತ್ತದೆ. ಕಾರು ಹೇಳುವುದಿಲ್ಲ, ಒಳಗೊಳಗೇ ತೇದುಹೋಗುತ್ತದೆ. ಹಾಗಾಗಿ ಅಪ್ಪ ಮಾಗಿಯ ಚಳಿಯಲ್ಲೂ ಅಂಗಳದ ಒದ್ದೆ ಕಲ್ಲಿನ ಮೇಲೆ ಗೋಣಿ ಹಾಸಿ, ಕಾರಿನಡಿ ಅಂಗಾತ ಮಲಗಿ, ಮುಖದ ಮೇಲೆ ಕೆಸರು ಸುರಿಸಿಕೊಳ್ಳುತ್ತಾ ಗ್ರೀಸು ತುಂಬುತ್ತಿದ್ದ. ಆ ಕಲ್ಲಿನ ಶೀತ ಎದೆಗಿಳಿಯಿತು. ಕೆಮ್ಮಿ ಕೆಮ್ಮಿ ಹೋಗಿಬಿಟ್ಟ. ಇನ್ನು ಮುಂದೆ ಯಾವ ಗಂಡಸೂ ಕಾರಿನ ಕೆಳಗೆ ಮಲಗುವ ಹಾಗಾಗಬಾರದು ಎಂದು ಸೈಲಸ್ ಮನಸ್ಸು ಮಾಡಿದ್ದು ಆಗ. ಮನೆಯಲ್ಲಿ ಉಳಿದದ್ದು ಅವನು, ತಂಗಿ ಹೆಸ್ಟರ್, ಇಬ್ಬರೇ.

ಮುಂದೆ ನಕಾಶೆ ಬರೆಯುವ ಕೆಲಸ ಕಲಿತು ಒಂದು ಕಾರ್ ಕಾರ್ಖಾನೆ ಸೇರಿದ. ಅಲ್ಲಿ ಅವನು ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ. ಓಡಿಸುವವನು ಕೂತಲ್ಲಿಂದಲೇ ಕಾಲಿನಿಂದ ಒಂದು ಪೆಡಲ್ ಒತ್ತಬೇಕು, ತೊಟ್ಟಿಯಲ್ಲಿರುವ ಎಣ್ಣೆ ಹೆಣಿಗೆ ಕಡ್ಡಿಯಷ್ಟು ಸಣ್ಣ ಕೊಳವೆಗಳಲ್ಲಿ ಹರಿದು ಕಾರಿನ ಪ್ರತಿ ಕೀಲಿಗೂ ಮುಟ್ಟಬೇಕು. ಕೇಳಲಿಕ್ಕೆ ಸುಲಭ. ಎಣ್ಣೆಯೂ ಮನುಷ್ಯನ ಹಾಗೆ ಸೋಮಾರಿ, ಹತ್ತಿರದ ದಾರಿ ಹಿಡಿಯುತ್ತದೆ. ಭಾನುವಾರದ ಊಟದಲ್ಲಿ ಮೇಜಿನ ಈ ತುದಿಯವರು ಗ್ರೇವಿಯನ್ನೆಲ್ಲ ಸುರಿದುಕೊಂಡರೆ ಆ ತುದಿಯವರಿಗೆ ಒಣ ಆಲೂಗಡ್ಡೆಯೇ ಗತಿ. ಅದಕ್ಕೆ ಸೈಲಸ್ ಪ್ರತಿ ಕೊಳವೆಯ ಬಾಯಿಗೂ ಸೂಜಿಮೊನೆಯಂಥ ಕಿಂಡಿಯಿಟ್ಟು, ದೂರದವರಿಗೆ ದೊಡ್ಡ ಕಿಂಡಿ, ಹತ್ತಿರದವರಿಗೆ ಚಿಕ್ಕದು ಅಂತ ಪಾಲು ಹಾಕಿದ. ಮುಖ್ಯ ಎಂಜಿನಿಯರ್ ಗಾರ್‌ಸೈಡ್ ಅದನ್ನು ಮುಂದಿನ ಮಾದರಿಗೆ ಕೂರಿಸೋಣ ಎಂದರು. ಅಂದು ಸಂಜೆ ಸೈಲಸ್ ಹಾಡಿಕೊಂಡು ಮನೆಗೆ ಹೋದದ್ದನ್ನು ಕಂಡವರಿದ್ದಾರೆ.

ಪಾಲು ಸರಿಯಾಗಿ ಹೋಗಿದೆಯೇ ಎಂದು ನೋಡಲು ಅವರದೇ ಒಂದು ಪದ್ಧತಿ ಇತ್ತು. ಮರದ ಕುದುರೆ ಎನ್ನುವ ಕಾಲುಳ್ಳ ಅಡ್ಡೆಗಳ ಮೇಲೆ, ಚಕ್ರ ನೆಲ ಬಿಡುವಂತೆ ಕಾರನ್ನು ಎತ್ತಿ ಕೂರಿಸಿ, ಕೆಳಗೆ ಬಿಳಿ ಕಾಗದ ಹಾಸಿ, ಪೆಡಲ್ ಒತ್ತಿ ಕಾಯುವುದು. ಕೀಲಿನ ಹೊಟ್ಟೆ ತುಂಬಿದ ಮೇಲೆ ಮಿಕ್ಕ ಎಣ್ಣೆ ತೊಟ್ಟಾಗಿ ಕಾಗದದ ಮೇಲೆ ಬೀಳುತ್ತದೆ. ಯಾವ ಕೀಲಿನ ಕೆಳಗೆ ತೊಟ್ಟು ಬೀಳಲಿಲ್ಲವೋ ಅದು ಉಪವಾಸ ಎಂದು ಲೆಕ್ಕ. ನಮ್ಮ ಹೆಂಗಸರು ಚಹ ಕುಡಿದು, ಬಟ್ಟಲ ತಳದಲ್ಲಿ ಅಂಟಿದ ಎಲೆ ನೋಡಿ ಭವಿಷ್ಯ ಹೇಳುತ್ತಾರಲ್ಲ, ಅದನ್ನೇ ಹಿಡಿದು ಕಾರ್ಖಾನೆಯವರು ಇದಕ್ಕೂ ‘ಬಟ್ಟಲು ನೋಡೋದು’ ಅಂತ ಹೆಸರಿಟ್ಟಿದ್ದರು.

ಹೆಸರಿಟ್ಟವನು ಪರ್ಸಿ ಯಾರ್ಡ್ಲಿ. ಹೊಸ ಕಾರುಗಳನ್ನು ರಸ್ತೆಗೆ ಒಯ್ದು ಪರೀಕ್ಷೆ ಮಾಡುವುದು ಅವನ ಕೆಲಸ. ಸೈಲಸ್‌ನ ತಂಗಿ ಹೆಸ್ಟರಳ ಗಂಡ ಅವನು. ಹಿಂದೆ ಚೆನ್ನಾಗಿ ಕುಡಿಯುತ್ತಿದ್ದವನು. ಹೆಸ್ಟರ್ ಕೈಹಿಡಿಯಬೇಕಾದರೆ ಹೆಂಡ ಬಿಡಬೇಕು ಅಂದಳು. ಚಾಪೆಲ್ಲಿನಲ್ಲಿ ನೂರು ಜನರ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲ ಎಂದು ಆಣೆಮಾಡಿ, ಆ ಆಣೆಪತ್ರಕ್ಕೆ ರುಜು ಹಾಕಿದ. ಹೆಸ್ಟರ್ ಅದಕ್ಕೆ ಕಟ್ಟುಹಾಕಿಸಿ ಮದುವೆಯ ಫೋಟೋಗಿಂತ ಮೇಲೆ ತೂಗುಹಾಕಿದಳು. ಸೈಲಸ್ ಮದುವೆಯಾಗದೆ ಉಳಿದವನು. ಭಾನುವಾರ ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ, ಪರ್ಸಿಯ ಜೊತೆ ಕುಸ್ತಿಯಂಥ ಮಾತು, ಅವನ ಸಂಸಾರಸುಖವೆಲ್ಲ ಅಷ್ಟರಲ್ಲೇ ಇತ್ತು.

ಪರ್ಸಿ ಶೆಡ್ಡಿಗೆ ಬಂದರೆ ಬಾಗಿಲಿಂದಲೇ ಕೇಳುವವನು: “ಏನಂತೆ ಬಟ್ಟಲು, ಭಾವಯ್ಯ? ಸಮುದ್ರಯಾನ ಇದ್ಯಾ? ಶ್ರೀಮಂತ ವಿಧವೆ ಯಾರಾದ್ರೂ ಕಾಣಿಸ್ತಾಳಾ ನಿನಗೆ?”

“ನಿನ್ನಂಥ ಸಂಬಂಧಿ ಇರೋವರೆಗೂ ಯಾವ ವಿಧವೆಯೂ ಹತ್ತಿರ ಸುಳಿಯಲ್ಲ ಬಿಡು,” ಅನ್ನುವವನು ಸೈಲಸ್.

ಆ ಬೇಸಿಗೆಯಲ್ಲಿ ಬಟ್ಟಲು ಚೆನ್ನಾಗಿಯೇ ಹೇಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಟ್ಟು ಬೀಳುತ್ತಿದ್ದದ್ದು ಮುಂದಿನ ಎಡಗಾಲಿಯ ಕೆಳಗೆ. ಅಲ್ಲಿ ಕಿಂಗ್‌ಪಿನ್ ಎಂಬ ದಪ್ಪ ಉಕ್ಕಿನ ಗೂಟ ನಿಂತಿರುತ್ತದೆ. ಕಾರಿನ ಮುಂದಿನ ಭಾರವನ್ನು ಹೊರುವುದೂ ಅದೇ, ಚಕ್ರ ಎಡಬಲಕ್ಕೆ ತಿರುಗುವುದೂ ಅದರ ಸುತ್ತಲೇ. ಎಣ್ಣೆತೊಟ್ಟಿ ಎಡಗಡೆಗೇ ಇದ್ದದ್ದರಿಂದ ಅದಕ್ಕೆ ಒಂದು ಪಾಲು ಹೆಚ್ಚೇ ಸಿಗುತ್ತಿತ್ತು. ಸಿಕ್ಕರೆ ಸಿಗಲಿ, ದುಡಿಯುವವನು ಎರಡು ತುತ್ತು ಹೆಚ್ಚು ತಿಂದರೆ ಏನು ಎಂದು ಸೈಲಸ್ ಸುಮ್ಮನಿದ್ದ.

ಜುಲೈ ತಿಂಗಳ ಒಂದು ದಿನ ಪರ್ಸಿ ರಸ್ತೆಯಿಂದ ಬಂದವನು ಎಡಗೈ ಕೊಡವುತ್ತಾ ಹೇಳಿದ: “ನಿನ್ನ ಎಡಗಾಲಿ ಎಲ್ಲರಿಗಿಂತ ಜಾಸ್ತಿ ಕುಡಿಯುತ್ತೆ ಭಾವಯ್ಯ, ಆದರೂ ತಿರುವಲ್ಲಿ ತೊಡರುತ್ತೆ. ಸ್ಟೇರಿಂಗು ಭಾರ. ಎಡಕ್ಕೆ ಹೋದದ್ದು ವಾಪಸ್ ಬರಕ್ಕೆ ಮನಸ್ಸೇ ಮಾಡಲ್ಲ.”

ಸೈಲಸ್ ಎತ್ತಿ ಕೂರಿಸಿದ್ದ ಕಾರಿನ ಕೆಳಗಿನ ಕಾಗದ ತೋರಿಸಿದ. ಎಡಗಾಲಿಯ ಕೆಳಗೆ ಅಷ್ಟಗಲ ಎಣ್ಣೆ. “ಕಣ್ಣಿದೆಯೋ ಇಲ್ಲವೋ? ಭಾರ ಇರೋದು ನನ್ನ ಪಿನ್ನಲ್ಲ ಮಾರಾಯ, ನಿನ್ನ ಕೈ. ನಿನ್ನೆ ಎಷ್ಟು ಗ್ಲಾಸ್ ಇಳಿಸಿದೆ?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಪರ್ಸಿ ಆಣೆಮಾಡಿದವನು ಎಂದು ಎಲ್ಲರಿಗೂ ಗೊತ್ತು, ಅದಕ್ಕೇ ನಗು. ಮೇಸ್ತ್ರಿ ಏಮಸ್ ಟಿಪ್ಪಿಂಗ್ ಕಣ್ಣೊರೆಸಿಕೊಂಡು ನಕ್ಕ. ಪರ್ಸಿಯೂ ನಕ್ಕ, ಆದರೆ ಅವನ ಕಿವಿ ಕೆಂಪಾದದ್ದನ್ನು ಸೈಲಸ್ ನೋಡಿದ. ಭಾನುವಾರ ಊಟದ ಹೊತ್ತಿಗೆ ಸಮಾಧಾನ ಮಾಡಿದರಾಯಿತು ಅಂದುಕೊಂಡ, ಆಮೇಲೆ ಮರೆತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಗಸ್ಟ್‌ನಲ್ಲಿ, ರಸ್ತೆಯ ಡಾಂಬರು ಕರಗುವಂಥ ಬಿಸಿಲಿನಲ್ಲಿ, ಪರ್ಸಿ ಸನ್‌ರೈಸಿಂಗ್ ಗುಡ್ಡದಿಂದ ಕಾರಿಳಿಸುತ್ತಿದ್ದ. ಪರೀಕ್ಷೆಯವರೆಲ್ಲ ಕಾರು ತೆಗೆದುಕೊಂಡು ಹೋಗುವ ಗುಡ್ಡವದು, ಕಡಿದಾದ ಇಳಿಜಾರು. ಎಡತಿರುವಿನಲ್ಲಿ ಎಡಕ್ಕೆ ಹೊರಳಿದ ಕಾರು ನೇರವಾಗಲೇ ಇಲ್ಲ. ತಿರುವನ್ನೂ ಮೀರಿ ಎಡಕ್ಕೇ ಎಳೆದುಕೊಂಡು ಹೋಗಿ ಓಕ್ ಮರಕ್ಕೆ ಬಡಿಯಿತು. ಪರ್ಸಿ ಅಲ್ಲೇ ಮುಗಿದ.

ಸಾವಿನ ವಿಚಾರಣೆ ಗುಡ್ಡದ ಕೆಳಗಿನ ಊರಿನಲ್ಲಿ ನಡೆಯಿತು. ಗುಡ್ಡದ ನೆತ್ತಿಯ ಪಬ್ಬಿನವನು ಬಂದು, ಸತ್ತವನು ತನ್ನಲ್ಲಿ ನಿಂತು ಹೋದದ್ದು ಹೌದು, ರೇಡಿಯೇಟರಿಗೆ ನೀರು ಕೇಳಿದ, ಅವನೂ ಏನೋ ಕುಡಿದ, ಸಂತೆಯ ದಿನವಾದ್ದರಿಂದ ಏನು ಕೊಟ್ಟೆನೋ ನೆನಪಿಲ್ಲ ಎಂದ. ಆಮೇಲೆ ಏಮಸ್ ಟಿಪ್ಪಿಂಗ್ ನಿಂತ. ಸ್ಟೇರಿಂಗಿನ ಬಗ್ಗೆ ಏನಾದರೂ ದೂರು ಇತ್ತೇ ಎಂದು ಕೇಳಿದರು. ಏಮಸ್ ಕೆಟ್ಟವನಲ್ಲ. ಟೋಪಿ ಹಿಸುಕುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಭಾರ ಅಂತ ಪರ್ಸಿ ಹೇಳಿದ್ದ, ಅದಕ್ಕೆ ಮಿಸ್ಟರ್ ಹಾಲಿಕ್ ಅವರು ಭಾರ ನಿನ್ನ ಕೈ, ಎಷ್ಟು ಗ್ಲಾಸ್ ಇಳಿಸಿದೆ ಅಂತ ಕೇಳಿದರು.

“ಆ ಮಾತು ಆಡಿದಿರಾ?” ಎಂದು ವಿಚಾರಣೆಯ ಅಧಿಕಾರಿ ಸೈಲಸ್‌ನನ್ನು ಕೇಳಿದರು.

“ಆಡಿದೆ ಸ್ವಾಮಿ. ತಮಾಷೆಗೆ.”

“ಸತ್ತವನ ಹೆಂಡತಿಯ ಅಣ್ಣ ನೀವು?”

“ಹೌದು.”

“ಒಡೆದ ಕಾರನ್ನು ನೀವೇ ನೋಡಿದಿರಿ. ಆ ಎಡಗಾಲಿಯ ಪಿನ್ನಿಗೆ ಎಣ್ಣೆ ಇತ್ತೋ ಇಲ್ಲವೋ?”

“ಇತ್ತು. ಹೊರಗೆ ಇಳಿದು ಸುರಿಯುವಷ್ಟಿತ್ತು.”

ಮಾತು ಆಡಿದ್ದೂ ನಿಜ, ಎಣ್ಣೆ ಇದ್ದದ್ದೂ ನಿಜ. ಜ್ಯೂರಿಯವರಿಗೆ ಅಷ್ಟು ಸಾಕಾಯಿತು. ಅಮಲಿನಲ್ಲಿ ಹಿಡಿತ ತಪ್ಪಿ ಸತ್ತ ಎಂದು ತೀರ್ಪಾಯಿತು. ಒಡೆದ ಕಾರನ್ನು ಗುಜರಿಗೆ ಹಾಕಿ ಕರಗಿಸಿದರು.

ಹೆಸ್ಟರ್ ಅತ್ತದ್ದು ತೀರ್ಪಿನವರೆಗೆ. ಅಂದು ಮನೆಗೆ ಬಂದವಳು ಕುರ್ಚಿ ಹತ್ತಿ ಗೋಡೆಯ ಆಣೆಪತ್ರ ಇಳಿಸಿದಳು. ಗಂಡನ ಬಟ್ಟೆಗಳನ್ನು ಚಿಂದಿಯವನಿಗೆ ಕೊಟ್ಟಳು. ಗೋರಿಗೆ ಕಲ್ಲು ಹಾಕಿಸಲಿಲ್ಲ, ಮಣ್ಣಿನ ಮೇಲೆ ಹುಲ್ಲು ಎದ್ದಿತು. ಕೃತಕ ರೇಷ್ಮೆಯ ಗಿರಣಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಭಾನುವಾರ ಸೈಲಸ್ ಅವನ ಹೆಸರೆತ್ತಿದಾಗ ತಟ್ಟೆ ಕೆಳಗಿಟ್ಟು ಹೇಳಿದಳು: “ಅವನ ವಿಷ್ಯ ಈ ಮನೇಲಿ ಬೇಡ ಅಣ್ಣ. ದೇವರ ಮುಂದೆ ನಿಂತು ನನಗೆ ಮಾತು ಕೊಟ್ಟೋನು. ಸಾಯೋದಿದ್ರೆ ಸಾಯ್ಲಿ, ಸುಳ್ಳು ಹೇಳ್ಕೊಂಡು ಯಾಕೆ ಬದುಕ್ದ? ನಾನು ದಿನಾ ಅವನ ಬಾಯಿ ಮೂಸಿ ನೋಡ್ತಿರ್ಲಿಲ್ಲ ಅಂತ ತಾನೇ?”

ಪರ್ಸಿ ಕುಡಿದಿದ್ದ ಎಂದು ಆಗ ಸೈಲಸ್ ಕೂಡ ನಂಬಿದ್ದ. ನಂಬದಿದ್ದರೆ ಪಿನ್ನನ್ನು ಅನುಮಾನಿಸಬೇಕಾಗಿತ್ತು, ಪಿನ್ ಅವನದು.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಹೊಸ ಕಾರಿನ ಬಟ್ಟಲು ನೋಡಿ ಮುಗಿಸಿ, ಎಲ್ಲರೂ ಊಟಕ್ಕೆ ಹೋದರು. ಕಾರನ್ನು ಮರದ ಕುದುರೆಗಳಿಂದ ಇಳಿಸಿದ್ದರು, ಕಾಗದ ತೆಗೆಯುವುದನ್ನು ಮರೆತಿದ್ದರು. ಸೈಲಸ್ ಒಳಗೆ ಕೂತು ಏನೋ ಯೋಚಿಸುತ್ತಾ ಸುಮ್ಮನೆ ಪೆಡಲ್ ಒತ್ತಿದ. ಟಪ್ ಎಂದಿತು. ಎಣ್ಣೆ ಅಷ್ಟು ಬೇಗ ಬೀಳುವುದಿಲ್ಲ. ಮೇಲೆತ್ತಿದ ಕಾರಿನಲ್ಲಿ ಪೆಡಲ್ ಒತ್ತಿ, ಒಂದು ಲೋಟ ಚಹ ಕುಡಿದು ಮುಗಿಸಿದರೂ ತೊಟ್ಟು ಬಿದ್ದಿರುವುದಿಲ್ಲ.

ಇಳಿದು ಬಗ್ಗಿ ನೋಡಿದ. ಎಡಗಾಲಿಯ ಹಳೆಯ ತೊಟ್ಟಿನ ಪಕ್ಕ, ಎರಡು ಬೆರಳಿನಷ್ಟು ಹೊರಗೆ, ಹೊಸ ತೊಟ್ಟು ಮಿನುಗುತ್ತಿತ್ತು. ಇನ್ನೊಮ್ಮೆ ಒತ್ತಿದ. ಅಲ್ಲೇ ಬಿತ್ತು, ತಕ್ಷಣ ಬಿತ್ತು. ಕಲ್ಲಿನ ನೆಲದ ಮೇಲೆ ಕೂತುಬಿಟ್ಟ. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗ ಪಿನ್ನಿನ ಬುಡ ಸಡಿಲಾಗಿರುತ್ತದೆ, ಎಣ್ಣೆ ಒಳಗೆಲ್ಲ ಸುತ್ತಾಡಿ ತಳದಿಂದ ಇಳಿಯುತ್ತದೆ. ಚಕ್ರ ನೆಲಕ್ಕೆ ಊರಿದ ಮೇಲೆ ಅಷ್ಟು ಭಾರವೂ ಬುಡದ ಮೇಲೆ ಕೂತು ದಾರಿ ಮುಚ್ಚುತ್ತದೆ. ಆಗ ಎಣ್ಣೆ ಒಳಗೆ ಹೋಗುವುದೇ ಇಲ್ಲ, ಬಾಗಿಲಲ್ಲೇ ತಿರುಗಿ ಹೊರಗೆ ಸುರಿದುಹೋಗುತ್ತದೆ. ಹೊರಗೆ ಹೆಚ್ಚು ತೊಟ್ಟಿಕ್ಕಿದಷ್ಟೂ ಒಳಗೆ ಒಣಗು. ತಾನು ಮೆಚ್ಚಿ ತೋರಿಸಿದ ಆ ದೊಡ್ಡ ತೊಟ್ಟು ಎತ್ತಿ ಕೂರಿಸಿದ ಕಾರಿನದು; ವಿಚಾರಣೆಯಲ್ಲಿ ಸುರಿಯುವಷ್ಟಿತ್ತು ಎಂದದ್ದು, ಒಳಗೆ ಹೋಗಲಾರದೆ ಹಿಂದಿರುಗಿದ ಎಣ್ಣೆ.

ಅಪ್ಪ ಗ್ರೀಸು ತುಂಬುವ ಮೊದಲು ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತುತ್ತಿದ್ದ. ಕೆಳಗೆ ತೂರಲು ಜಾಗ ಬೇಕಲ್ಲ, ಅದಕ್ಕೆ ಎಂದು ಸೈಲಸ್ ತಿಳಿದಿದ್ದ. ಅಪ್ಪನೂ ಅಷ್ಟೇ ತಿಳಿದಿದ್ದನೋ ಏನೋ. ಮಲಗುವವನನ್ನು ಕಾರಿನ ಕೆಳಗಿಂದ ಎಬ್ಬಿಸಿ ಕಳಿಸಿದಾಗ ಅವನ ಜಾಕೂ ಅವನ ಜೊತೆ ಹೋಯಿತು. ದೀಪದ ಬುಡದಲ್ಲಿ ಕತ್ತಲೆ.

ಸೈಲಸ್ ಕರೆತಂದು ತೋರಿಸಿದಾಗ ಗಾರ್‌ಸೈಡ್‌ಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪಿನ್ನಿನ ನಡುವೆ ರಂಧ್ರ ಕೊರೆದು ಎಣ್ಣೆಯನ್ನು ಬುಡಕ್ಕೇ ತಲುಪಿಸುವಂತೆ ಅಂದೇ ನಕಾಶೆ ಬದಲಿಸಲು ಹೇಳಿದರು. ಮಾದರಿ ಇನ್ನೂ ಮಾರಾಟಕ್ಕೆ ಹೋಗಿರಲಿಲ್ಲ, ಆ ಮಟ್ಟಿಗೆ ಪುಣ್ಯ.

“ಪರ್ಸಿ ಕುಡಿದಿರಲಿಲ್ಲ ಸಾರ್,” ಎಂದ ಸೈಲಸ್.

“ಇರಬಹುದು. ನೀನು ನನಗೆ ತೋರ್ಸಿದ್ದು ಎಣ್ಣೆ ಎಲ್ಲಿ ಬೀಳುತ್ತೆ ಅಂತ. ಪಿನ್ ಒಣಗಿ, ತಿರುಗದ ಹಾಗೆ ಹಿಡ್ಕೊಳ್ಳುತ್ತೆ ಅಂತ ತೋರ್ಸ್ಲಿಲ್ಲ. ಸುರಿಯೋಷ್ಟು ಎಣ್ಣೆ ಇತ್ತು ಅಂತ ಹೇಳ್ದೋನು ನೀನೇ ಅಲ್ವಾ? ಈಗ ಹೋಗಿ ಒಣಗಿತ್ತು ಅಂದ್ರೆ ಯಾರು ನಂಬ್ತಾರೆ? ತಂಗಿ ಗಂಡ ಅಂತ ಹೇಳ್ತಾನೆ ಅಂತಾರೆ.” ಆಮೇಲೆ ದನಿ ಇಳಿಸಿ ಹೇಳಿದರು: “ಹಳೇ ಪಿನ್ ಇರೋ ಪರೀಕ್ಷೆ ಕಾರು ಒಂದಿದೆ. ನಿನ್ನ ಶನಿವಾರ ಭಾನುವಾರ ಹಾಳು ಮಾಡ್ಕೋತೀನಿ ಅಂದ್ರೆ ತಗೊಂಡು ಹೋಗು. ಹಿಡ್ಕೊಂಡ ಪಿನ್ ತಂದು ನನ್ನ ಮೇಜಿನ ಮೇಲಿಡು.”

ಅಲ್ಲಿಂದ ಶುರುವಾಯಿತು ಸೈಲಸ್‌ನ ತಿರುಗಾಟ. ಶನಿವಾರ ಕೆಲಸ ಮುಗಿದ ಕೂಡಲೇ, ಭಾನುವಾರ ತಂಗಿಯ ಮನೆಯ ಊಟ ಮುಗಿದ ಕೂಡಲೇ, ಕಾರು ತೆಗೆದುಕೊಂಡು ಸನ್‌ರೈಸಿಂಗ್ ಗುಡ್ಡ ಹತ್ತುವುದು, ಇಳಿಯುವುದು. ಪೆಡಲ್ ಒತ್ತುವುದು, ಎಣ್ಣೆ ರಸ್ತೆಗೆ ಸುರಿಯುವುದು. ಕಾಗದದಲ್ಲಿ ತೋರಿದ್ದು ಉಕ್ಕಿನಲ್ಲಿ ತೋರಲೊಲ್ಲದು. ಚಳಿಗಾಲದ ಮಳೆ ನೀರು ಪಿನ್ನಿಗೆ ನುಗ್ಗಿ ತಂಪು ಮಾಡಿತೋ ಏನೋ, ಅದು ಬೆಣ್ಣೆಯ ಹಾಗೆ ತಿರುಗಿತು. ಸಾಯಿ ಎಂದು ಅವನು ಬೇಡಿಕೊಂಡಷ್ಟೂ ಗಟ್ಟಿಯಾಗಿ ಬದುಕಿತು.

ಒಬ್ಬನೇ ಹೋಗುತ್ತಿದ್ದ ಎನ್ನುವುದು ಜನರ ಮಾತು. ಅವನಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಪಬ್ಬು ದಾಟಿ ಇಳಿಜಾರು ಶುರುವಾಗುವಲ್ಲಿ ಪಕ್ಕದ ಸೀಟಿನ ಮೆತ್ತೆ ಸ್ವಲ್ಪ ತಗ್ಗುತ್ತಿತ್ತು, ಯಾರೋ ಕೂತ ಹಾಗೆ. ಸ್ಪ್ರಿಂಗು ಹಳೆಯದು, ಕುಲುಕಿಗೆ ತಗ್ಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಚಾಪೆಲ್ಲಿನಲ್ಲಿ ಪರ್ಸಿ ಕೂರುತ್ತಿದ್ದ ಬೆಂಚಿನಡಿ ಒಂದು ದಿನ ಒದ್ದೆ ತೊಟ್ಟು ಕಂಡು ಬಗ್ಗಿದ. ಯಾರದೋ ಕೊಡೆಯ ನೀರು ಎಂದು ಬೆರಳಿಟ್ಟು ಮೂಸಿ ನೋಡಿದ ಮೇಲೆಯೇ ಉಸಿರು ಬಂತು. ದಾರಿಯಲ್ಲಿ ಗೇಟುಗಳು ಕಿರುಗುಟ್ಟಿದರೆ ಈಗ ಡಬ್ಬಿ ತೆಗೆಯುತ್ತಿರಲಿಲ್ಲ, ಹೆಜ್ಜೆ ಬೇಗ ಹಾಕುತ್ತಿದ್ದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಾಡುತ್ತಿತ್ತು. ಪಿನ್ ಹಿಡಿಯದೆ ಹೋದ ಪ್ರತಿ ಭಾನುವಾರ ಅವನಿಗೆ ಒಳಗೆಲ್ಲೋ ಹಗುರಾಗುತ್ತಿತ್ತು. ಹಾಗಾದರೆ ಪರ್ಸಿ ಕುಡಿದೇ ಇದ್ದ, ತನ್ನದೇನೂ ಇಲ್ಲ. ಹಾಗೆ ಹಗುರಾದದ್ದಕ್ಕೆ ನಾಚಿಕೆಯಾಗಿ ಮುಂದಿನ ಶನಿವಾರ ಮತ್ತೆ ಹೊರಡುತ್ತಿದ್ದ. ಸೈಲಸ್ ಅಂಜುಬುರುಕ, ಅದನ್ನು ಮುಚ್ಚಿಡುವುದೇಕೆ? ಅಂಜುತ್ತಲೇ ಹೋದ ಎನ್ನುವುದನ್ನೂ ಹೇಳಬೇಕು.

“ಎಲ್ಲಿಗೆ ಸಾಯಕ್ಕೆ ಹೋಗ್ತೀಯ ಊಟ ಆದ್ಮೇಲೆ?” ಎಂದು ಹೆಸ್ಟರ್ ಒಮ್ಮೆ ಕೇಳಿದಳು. “ಯಾರನ್ನಾದ್ರೂ ಇಟ್ಕೊಂಡಿದೀಯಾ? ಹೇಳು, ಬೈಯಲ್ಲ. ಈ ವಯಸ್ಸಲ್ಲಿ ಯಾರಾದ್ರೂ ಸಿಕ್ರೆ ಹಬ್ಬ.”

“ಕೆಲಸ ಇದೆ.”

“ನೀನೊಬ್ಬ ನನಗೆ ಉಳಿದಿರೋನು. ಅಷ್ಟು ನೆನಪಿಟ್ಕೊಂಡು ಓಡ್ಸು.”

ಮತ್ತೆ ಆಗಸ್ಟ್ ಬಂತು, ಮತ್ತೆ ಅಂಥದೇ ಬಿಸಿಲು. ಒಂದು ಭಾನುವಾರ ಸೈಲಸ್ ಗುಡ್ಡದ ನೆತ್ತಿ ದಾಟಿದ. ಮೆತ್ತೆ ತಗ್ಗಿತು. ಸ್ಟೇರಿಂಗು ಎಂದಿಗಿಂತ ಭಾರವಾಗಿತ್ತು, ಎಡಗೈ ಜೋಮು ಹಿಡಿಯುವಷ್ಟು. ಆಗ ಪಕ್ಕದಿಂದ ಯಾರೋ ತೀರ ಸಲೀಸಾಗಿ, ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುವ ಹಾಗೆ ಕೇಳಿದರು: “ಈಗ ಭಾರ ಇರೋದು ಯಾರ ಕೈ, ಭಾವಯ್ಯ?”

ಅವನು ತಿರುಗಿ ನೋಡಿದ. ಸೀಟು ಖಾಲಿ. ಕಣ್ಣು ಮುಂದಕ್ಕೆ ತರುವಷ್ಟರಲ್ಲಿ ಎಡತಿರುವು ಬಂದಿತ್ತು. ಎಡಕ್ಕೆ ಹೊರಳಿಸಿದ, ಹೊರಳಿತು. ನೇರ ಮಾಡಲು ಎಳೆದ. ಸ್ಟೇರಿಂಗು ಗೋಡೆಗೆ ಹೂತ ಗೂಟದಂತೆ ನಿಂತಿತ್ತು. ಕಾಲಿನ ಬ್ರೇಕು, ಕೈ ಬ್ರೇಕು ಎರಡನ್ನೂ ಬಿಗಿಹಿಡಿದ. ಅವನು ಮೊದಲೇ ನಿಧಾನ ಇಳಿಯುತ್ತಿದ್ದುದರಿಂದ ಕಾರು ಓಕ್ ಮರದವರೆಗೆ ಹೋಗದೆ ಬೇಲಿಯ ಮುಳ್ಳುಪೊದೆಗೆ ನುಗ್ಗಿ ನಿಂತಿತು. ಎಡ ಮಣಿಕಟ್ಟು ಮುರಿಯಿತು. ಪೊದೆಯೊಳಗೆ ಕೂತು ಅವನು ಗಟ್ಟಿಯಾಗಿ ಅತ್ತ. ನೋವಿಗಲ್ಲ. ಪರ್ಸಿ ಕೊನೆಯ ಕ್ಷಣದಲ್ಲಿ ಎಷ್ಟು ಬಲವಾಗಿ ಎಳೆದಿದ್ದಿರಬೇಕು ಎಂದು ಅವನಿಗೆ ಈಗ ಕೈಯಲ್ಲೇ ಗೊತ್ತಾಗಿತ್ತು.

ಗಾರ್‌ಸೈಡ್ ಪಿನ್ ಬಿಚ್ಚಿಸಿ ನೋಡಿದರು. ಮೇಲ್ಭಾಗ ಎಣ್ಣೆಯಲ್ಲಿ ಮಿಂದಿತ್ತು. ಬುಡ ಸುಟ್ಟು ನೀಲಿಗಟ್ಟಿ, ಉಕ್ಕು ಉಕ್ಕನ್ನು ಕಚ್ಚಿ ಕಿತ್ತ ಗಾಯಗಳಿದ್ದವು, ತೇವದ ಸುಳಿವಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದರು. “ಒಪ್ದೆ ಹಾಲಿಕ್,” ಎಂದರು ಕೊನೆಗೆ. “ಆದ್ರೆ ಮುಗಿದ ವಿಚಾರಣೆ ಇದಕ್ಕಾಗಿ ಮತ್ತೆ ತೆಗೆಯಲ್ಲ. ಹೇಳ್ಬೇಕಾದೋರಿಗೆ ನೀನೇ ಹೇಳ್ಬೇಕು.”

ಶನಿವಾರ ಬೆಳಿಗ್ಗೆ ಸೈಲಸ್ ಕೊರಳಿಗೆ ಕೈ ಕಟ್ಟಿಕೊಂಡು ತಂಗಿಯ ಮನೆಗೆ ಹೋದ. ಬೀದಿಯ ಹೆಂಗಸರು ಮೊಣಕಾಲೂರಿ ಹೊಸ್ತಿಲ ಕಲ್ಲು ಉಜ್ಜುವ ಹೊತ್ತು. ಹೆಸ್ಟರ್ ಅವನ ಕೈ ನೋಡಿ ಬೈಯುತ್ತಲೇ ಒಳಗೆ ಕೂರಿಸಿದಳು. ಅವನು ಮೇಜಿನ ಮೇಲೆ ಪಿನ್ನಿಟ್ಟು, ಎಲ್ಲವನ್ನೂ ಹೇಳಿದ. ಬಟ್ಟಲು ನೋಡುವುದು, ದೊಡ್ಡ ತೊಟ್ಟು, ಪರ್ಸಿ ಭಾರ ಎಂದದ್ದು, ತಾನು ನಗಿಸಿದ್ದು, ಗುಡ್ಡ. ಏನನ್ನೂ ಮೃದು ಮಾಡಲಿಲ್ಲ. ಅವಳು ಪಿನ್ನನ್ನು ಎತ್ತಿಕೊಂಡು ನೀಲಿ ಬುಡದ ಮೇಲೆ ಬೆರಳಾಡಿಸಿದಳು.

“ಅವನು ಕುಡಿದಿರ್ಲಿಲ್ಲ,” ಎಂದಳು.

“ಇಲ್ಲ ಹೆಸ್ಟರ್.”

“ಭಾರ ಅಂತ ನಿನಗೆ ಹೇಳಿದ್ದ.”

“ಹೇಳಿದ್ದ.”

“ನಾನು ಅವನಿಗೆ ಒಂದು ಕಲ್ಲು ಹಾಕಿಸ್ಲಿಲ್ಲ, ಅಣ್ಣ. ಒಂದು ಹೂ ಇಡ್ಲಿಲ್ಲ. ಒಂದು ವರ್ಷ ದಿನಾ ಮಲಗುವಾಗ ಅವನಿಗೆ ಶಾಪ ಹಾಕಿ ಮಲಗಿದೀನಿ.”

ಅವನು ಕೈ ಚಾಚಿದ. ಅವಳು ಎದ್ದಳು. ಅವನ ಕಡೆ ನೋಡದೆ, ಪಿನ್ನನ್ನು ಕೈಯಲ್ಲಿ ಹಿಡಿದೇ ಬೀದಿಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತಳು. ಪಕ್ಕದ ಮನೆಯ ಮಿಸೆಸ್ ಮಾಬ್ಸ್ ಕಲ್ಲು ಉಜ್ಜುತ್ತಿದ್ದಳು, ಆಚೆ ಇನ್ನೂ ಇಬ್ಬರು. ಹೆಸ್ಟರ್ ಇಡೀ ಬೀದಿಗೆ ಕೇಳುವ ದನಿಯಲ್ಲಿ ಹೇಳಿದಳು: “ಮಿಸೆಸ್ ಮಾಬ್ಸ್, ನನ್ನ ಗಂಡ ಕುಡಿದಿರ್ಲಿಲ್ಲ.”

ಮಿಸೆಸ್ ಮಾಬ್ಸ್ ಉಜ್ಜುವ ಬ್ರಷ್ಷು ಕೆಳಗಿಟ್ಟು ತಲೆಯೆತ್ತಿದಳು. “ಹಾಗಂತ ಯಾರು ಹೇಳಿದ್ರಮ್ಮಾ?”

“ಕೊಂದೋನೇ ಹೇಳ್ದ,” ಎಂದಳು ಹೆಸ್ಟರ್. “ಒಳಗೆ ಕೂತ್ಕೊಂಡಿದಾನೆ. ನಮ್ಮಣ್ಣ.”